ಕಾಫಿ ಡಬ್ಬಿಯ ಲೆಕ್ಕ

ಬಫಲೋ ನಗರದ ಪೂರ್ವಕ್ಕೊಂದು ಗ್ರಂಥಾಲಯ,
ಅದರ ನೆಲಮಾಳಿಗೆ, ಮಡಚುವ ಮೇಜು, ಮಂಗಳವಾರ ಸಂಜೆ.
ಎದುರಿಗೆ ಇಬ್ಬರು.
ಲಿಯೋಟಿಸ್ ಪ್ರೂಯಿಟ್, ಬಸ್ ಡಿಪೋದ ಮೆಕ್ಯಾನಿಕ್,
ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು.
ನಡೀನ್, ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಮುಗಿಸಿ
ತಲೆಯ ಬಲೆ ತೆಗೆಯುವುದನ್ನೇ ಮರೆತು ಬಂದವಳು.
ನಡುವೆ ಒಂದು ಕಾಗದ, ಬ್ಯಾಂಕಿನದು,
ಮಡಚಿ ಬಿಚ್ಚಿ ಮಡಚಿ
ಗೆರೆಗಳೇ ಹರಿಯುವಂತಾಗಿದೆ.

ಒಂದು ಲಕ್ಷದ ತೊಂಬತ್ತು ಸಾವಿರ ಕೊಡುತ್ತಾರಾ?
ಸಂತೋಷ.
ಕಾಲು ಎಲ್ಲಿಯವರೆಗೆ ಚಾಚಬಹುದೆಂದು ಅವರು ಹೇಳಿಯಾಯಿತು,
ಹಾಸಿಗೆಯನ್ನು ಮಾತ್ರ ಯಾರೂ ಅಳೆದಿಲ್ಲ.
ಬನ್ನಿ, ಅಳೆಯೋಣ. ಅದಕ್ಕೇ ನನಗೆ ಸಂಬಳ.

ಬ್ಯಾಂಕಿಗೆ ನಿಮ್ಮ ದುಡಿಮೆ ಗೊತ್ತು, ಹಳೆಯ ಸಾಲ ಗೊತ್ತು.
ನಡೀನಳ ತಾಯಿಯ ಹಲ್ಲುನೋವು ಗೊತ್ತಿಲ್ಲ.
ಪ್ರತಿ ಭಾನುವಾರ ತಮ್ಮನ ಜೇಬಿಗೆ ನೀನು ತುರುಕುವ
ಇಪ್ಪತ್ತರ ನೋಟು ಗೊತ್ತಿಲ್ಲ.
ತಲೆ ತಗ್ಗಿಸಬೇಡ ಲಿಯೋಟಿಸ್,
ಅದನ್ನೂ ಬರೆ, ಪೆನ್ಸಿಲ್ ಬೇಡ, ಪೆನ್ನಿನಲ್ಲಿ.
ಮನೆ ಕೊಂಡ ಮರುದಿನವೇ
ಕೊಡುವ ಕೈ ಗಿಡ್ಡವಾಗುವುದಿಲ್ಲ.

ಇನ್ನು ಆ ಹಳದಿ ಮನೆ.
ಮುಂದೆ ಜಗಲಿ, ಜಗಲಿಗೊಂದು ತೂಗುಕುರ್ಚಿ.
ನಡೀನ್ ಆಗಲೇ ಕಿಟಕಿಗಳಿಗೆಲ್ಲ ಪರದೆ ಹಾಕಿದ್ದಾಳೆ,
ಕಣ್ಣಲ್ಲೇ ಕಾಣುತ್ತಿದೆ.
ಕಂತು, ತೆರಿಗೆ, ವಿಮೆ ಕೂಡಿದರೆ ಸಾವಿರದ ಮುನ್ನೂರ ತೊಂಬತ್ತು.
ಅದರಾಚೆಗೆ, ನವೆಂಬರಿನಲ್ಲಿ ಸರೋವರದಿಂದೆದ್ದ ಹಿಮ
ಚಾವಣಿಯ ಮೇಲೆ ಕೂತು ಕೇಳುತ್ತದೆ:
ಯಜಮಾನರು ಯಾರು ಇಲ್ಲಿ?
ಇಷ್ಟು ದಿನ ನಲ್ಲಿ ಸೋರಿದರೆ ಫೋನು ಮಾಡುತ್ತಿದ್ದಿರಿ.
ಇನ್ನು ಮುಂದೆ ಆ ಫೋನು
ರಿಂಗಾಗುವುದು ನಿಮ್ಮ ಜೇಬಿನಲ್ಲೇ.

ನಾನೂ ಒಂದು ಮನೆ ಕೊಂಡಿದ್ದೆ, ಮೂರು ವರ್ಷದ ಮಟ್ಟಿಗೆ.
ಬೀಗದ ಕೈ ಇನ್ನೂ ನನ್ನಲ್ಲಿದೆ.
ಬೀಗ ಬದಲಾಗಿದೆ.

ಅದಿರಲಿ. ಒಂದು ಆಟ ಆಡಿ.
ಈಗಿನ ಬಾಡಿಗೆ ಎಂಟುನೂರ ಐವತ್ತು.
ಮನೆ ನಿಮ್ಮದೇ ಎಂದುಕೊಂಡು
ಮಿಕ್ಕ ಐನೂರ ನಲವತ್ತನ್ನು ಪ್ರತಿ ತಿಂಗಳೂ
ಒಂದು ಕಾಫಿ ಡಬ್ಬಿಗೆ ಹಾಕಿ. ಆರು ತಿಂಗಳು.
ತೆಗೆದರೆ ಯಾಕೆ ತೆಗೆದಿರೆಂದು ಬರೆದಿಡಿ.
ಸುಳ್ಳು ಬರೆದರೆ ಡಬ್ಬಿಗೇನೂ ಬೇಜಾರಿಲ್ಲ.

ಎರಡೇ ವಾರಕ್ಕೆ ಹಳದಿ ಮನೆ ಬೇರೆಯವರ ಪಾಲಾಯಿತು.
ನಡೀನ್ ಫೋನಿನಲ್ಲಿ ಏನೂ ಅನ್ನಲಿಲ್ಲ,
ಇಡುವಾಗ ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು.

ಮಾರ್ಚಿಯಲ್ಲಿ ಡಬ್ಬಿ ಬಂತು.
ಜೊತೆಗೆ ಆಸ್ಪತ್ರೆಯ ಊಟದ ಚೀಟಿಯ ಹಿಂಬದಿಯಲ್ಲಿ ಬರೆದ ಲೆಕ್ಕ.
ಅಕ್ಟೋಬರ್ ಪೂರ್ತಿ. ನವೆಂಬರ್ ಪೂರ್ತಿ.
ಡಿಸೆಂಬರ್ ಮುನ್ನೂರು, ಪಕ್ಕದಲ್ಲಿ 'ಮಕ್ಕಳ ಬೂಟು'.
ಜನವರಿ ಸೊನ್ನೆ, ಮೇಲಾಗಿ ಏಳುನೂರು ಹೊರಗೆ: ಅಮ್ಮನ ಹಲ್ಲು.
ಫೆಬ್ರವರಿ ಪೂರ್ತಿ.
ಮಾರ್ಚಿ ಆರುನೂರು.
ಹೆಚ್ಚಿನ ಅರವತ್ತು ಯಾಕೆ?
"ಜನವರಿಗೆ ತೀರಿಸುತ್ತಿದ್ದೇನೆ," ಅಂದ ಲಿಯೋಟಿಸ್.

ಉಳಿದದ್ದು ಸಾವಿರದ ಎಂಟುನೂರ ಇಪ್ಪತ್ತು.
ಆರರಿಂದ ಭಾಗಿಸಿದೆ, ಬಾಡಿಗೆ ಕೂಡಿಸಿದೆ,
ಸಾವಿರದ ನೂರ ಐವತ್ತಕ್ಕೆ ಒಂದು ಗೆರೆ ಎಳೆದೆ.
ಇದು ನಿಮ್ಮ ಹಾಸಿಗೆ.
ನಡೀನ್ ಗೆರೆಯನ್ನೇ ನೋಡಿದಳು.
"ಇಷ್ಟಕ್ಕೆ ಜಗಲಿ ಬರಲ್ಲ."
ಬರಲ್ಲ, ಅಂದೆ.
ಅಷ್ಟು ಹೇಳಲು ನನಗೆ ಯಾವತ್ತೂ ಅಭ್ಯಾಸವಾಗಿಲ್ಲ.

ಏಪ್ರಿಲ್, ರೈಲು ಹಳಿಯ ಕಡೆಯ ಬೀದಿ.
ಬೂದು ಬಣ್ಣದ, ಜಗಲಿಯಿಲ್ಲದ ಮನೆ.
ನಾನೂ ಹೋದೆ, ನಿಯಮದಲ್ಲಿಲ್ಲದಿದ್ದರೂ.
ಏಜೆಂಟ್ ಅಡುಗೆಮನೆಯ ಟೈಲ್ಸು ಹೊಗಳುತ್ತಿದ್ದಾಗ
ಲಿಯೋಟಿಸ್ ಸೀದಾ ಕೆಳಗಿಳಿದು,
ಮನೆ ಕಾಯಿಸುವ ಹಳೇ ಫರ್ನೇಸಿನ ಮುಂದೆ ಮಂಡಿಯೂರಿ,
ಕೆಟ್ಟು ನಿಂತ ಬಸ್ಸಿಗೆ ಕೊಡುವಂತೆ
ಕಿವಿ ಕೊಟ್ಟ.

ಮೆಟ್ಟಿಲಿನ ಮೇಲಿಂದ ನಡೀನ್ ಕೇಳಿದಳು:
"ಏನನ್ನುತ್ತೆ?"
ಅವನು ಕಣ್ಣು ಮುಚ್ಚಿಕೊಂಡೇ
ಒಂದು ಬೆರಳೆತ್ತಿದ.
ತಡಿ.