ನಾಲ್ಕನೇ ಕ್ಲಿಪ್ಪು

ಚಿಂತಾಮಣಿಯ ಬೆಂಗಳೂರು ರಸ್ತೆಯಲ್ಲಿ
ಪಂಚರ್ ಅಂಗಡಿಗೂ ಹುರುಳಿ ಮಂಡಿಗೂ ನಡುವೆ
ಒಂಬತ್ತಡಿ ಅಗಲದ ಬ್ಯಾಟರಿ ಅಂಗಡಿ.
ಬಿಲ್ಲು ಬರೆಯಲು ಸೇರಿದವಳು ನಾನು.
ಮೊದಲ ತಿಂಗಳಿಗೇ ದುಪಟ್ಟಾ ಜರಡಿಯಾಯಿತು.
ಆಸಿಡ್ಡು ತಾಗಿದಾಗ ತಿಳಿಯುವುದಿಲ್ಲ,
ಒಗೆದು ಹರವಿದಾಗ
ಅದರೊಳಗಿಂದ ಬಿಸಿಲು ಕಾಣುತ್ತದೆ.

ಜಬೀವುಲ್ಲಾ ಸಾಬರಿಗೆ ಒಂದೇ ಕಣ್ಣು ಕಪ್ಪು,
ಇನ್ನೊಂದು ಬೇಯಿಸಿದ ಮೊಟ್ಟೆಯ ಬಿಳಿ.
ಹೇಗಾಯ್ತು ಅಂತ ಕೇಳಿದರೆ
'ಮೊದಲು ಲೇಬಲ್ ಓದು' ಅನ್ನುವರು.

ಓದಿದೆ. ಮೂವತ್ತೈದು ಆಂಪಿಯರ್ ಅವರ್.
'ಅದು ಹೊಟ್ಟೆ. ಎಷ್ಟು ಹಿಡಿಯುತ್ತೆ ಅಂತ.'
ಕ್ರ್ಯಾಂಕಿಂಗು, ಮುನ್ನೂರು.
'ಅದು ರಟ್ಟೆ. ಒಂದೇ ದಮ್ಮಿಗೆ ಎಷ್ಟು ಎತ್ತುತ್ತೆ ಅಂತ.
ಹೊಟ್ಟೆ ಇದ್ದೋರಿಗೆಲ್ಲ ರಟ್ಟೆ ಇರಲ್ಲಮ್ಮಾ.'
ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ
ಚಳಿಯಲ್ಲಿಟ್ಟು ಅಳೆದದ್ದಂತೆ ಆ ರಟ್ಟೆಯನ್ನು.
ನಕ್ಕೆ ನಾನು: ಕೈವಾರದ ಬೆಟ್ಟದ ಮೇಲೆ
ಬರಿಮೈಯಲ್ಲಿ ಮಲಗಿದರೂ ಸಿಕ್ಕೀತೇ ಅಂಥ ಚಳಿ?
ಅವರು ನಗಲಿಲ್ಲ.
'ನಮ್ಮ ಕಡೆ ಕೊಲ್ಲೋದು ಏಪ್ರಿಲ್ಲು.
ಡಿಸೆಂಬರು ಬರೀ ಹೆಣ ತೋರಿಸುತ್ತೆ.'

ಇನ್ನು ರಿಸರ್ವು, ಐವತ್ತೆರಡು ನಿಮಿಷ.
ಡೈನಮೋ ಸತ್ತರೂ ಹೆಡ್‌ಲೈಟು ಹಿಡಿದುಕೊಂಡು
ಮುರುಗಮಲ್ಲದಿಂದ ಮನೆ ಮುಟ್ಟಿಸುವಷ್ಟು,
ನಡುವೆ ಟೀಗೆ ನಿಲ್ಲದಿದ್ದರೆ.

ಆಮೇಲೆ ಕೆಲವು ದಿನ
ಮನುಷ್ಯರ ಪಕ್ಕೆಯಲ್ಲೂ ಲೇಬಲ್ ಹುಡುಕಿದೆ.
ಮಂಡಿಯ ಯರ್ರಪ್ಪ, ಬರೀ ಹೊಟ್ಟೆ.
ಚಿಕ್ಕಮ್ಮ ಪಿಳ್ಳಮ್ಮ, ಬರೀ ರಟ್ಟೆ, ಸಂಜೆ ಏಳಕ್ಕೆ ಡೌನು.
ನನ್ನದನ್ನು ಯಾರೂ ಅಳೆದಿರಲಿಲ್ಲ.

ಪುಷ್ಯದ ಒಂದು ಬೆಳಿಗ್ಗೆ, ಷಟರ್ ಅರ್ಧ ಎತ್ತಿದ್ದೆ.
ಎದುರಿಗೆ ಹಳೇ ಇಂಡಿಕಾ,
ಹಿಂದಿನ ಸೀಟಿನ ತುಂಬ ಕ್ಯಾಪ್ಸಿಕಂ ಸಸಿಯ ಟ್ರೇ,
ಕೀಲಿ ತಿರುವಿದರೆ ಕಟ್ ಕಟ್ ಕಟ್,
ಹಲ್ಲು ಕಡಿಯುವ ಸದ್ದು.
'ಓನರ್ ಇಲ್ವಾ?' ಅಂದ ಡ್ರೈವರು ನನ್ನನ್ನು ದಾಟಿ ನೋಡುತ್ತ.
ಓನರು ಸ್ಟೂಲಿನ ಮೇಲೇ ಇದ್ದರು,
ಕಿವಿಗೆ ಮಫ್ಲರು, ತುಟಿಯಲ್ಲಿ ಹಚ್ಚದ ಬೀಡಿ.
ಏಳಲಿಲ್ಲ.

ಬಳೆ ತೆಗೆದು ಕ್ಯಾಲ್ಕುಲೇಟರ್ ಪಕ್ಕ ಇಟ್ಟೆ.
ಸತ್ತದ್ದರ ಪ್ಲಸ್ಸಿಗೆ ಕೆಂಪು.
ಬದುಕಿದ್ದರ ಪ್ಲಸ್ಸಿಗೆ ಕೆಂಪು.
ಬದುಕಿದ್ದರ ಮೈನಸ್ಸಿಗೆ ಕಪ್ಪು.
ನಾಲ್ಕನೆಯದು ಕೈಯಲ್ಲಿ.
ಸತ್ತ ಬ್ಯಾಟರಿಯ ಮೈನಸ್ಸು ಅಲ್ಲೇ, ಗೇಣು ದೂರ,
ಬಾ ಅಂತ ಕರೆಯುವ ಹಾಗೆ.

'ಅಲ್ಲೇ' ಅಂದರು ಸಾಬರು ಹಿಂದಿನಿಂದ,
ಬೆಲೆ ಹೇಳುವ ದನಿಯಲ್ಲಿ.
'ಅಲ್ಲೇ ಹಾಕಿದ್ದೆ ನಾನು.'

ಕೈ ನಿಂತಿತು.
ಮುಚ್ಚಳದ ಸಣ್ಣ ತೂತುಗಳಿಂದ
ಕಾಣದ್ದೊಂದು ಉಸಿರಾಡುತ್ತಿತ್ತು,
ಬಣ್ಣವಿಲ್ಲ, ವಾಸನೆಯಿಲ್ಲ,
ಒಂದು ಕಿಡಿಯಷ್ಟೇ ಬಾಕಿ.
ಕ್ಲಿಪ್ಪನ್ನು ದೂರ ಒಯ್ದು
ಇಂಜಿನ್ನಿನ ಮಗ್ಗುಲ ಬೋಲ್ಟಿಗೆ ಕಚ್ಚಿಸಿದೆ.
ಚಿಟ್ ಅಂತು. ಅಲ್ಲಿ, ಬರಿ ಕಬ್ಬಿಣದ ಮೇಲೆ.

ಇಂಡಿಕಾ ಕೆಮ್ಮಿ, ಕ್ಯಾಕರಿಸಿ, ಎದ್ದಿತು.
ಸಸಿಗಳೆಲ್ಲ ಒಟ್ಟಿಗೆ ನಡುಗಿದವು.
ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ಪು ಬಿಚ್ಚಿದೆ.
ನೂರರ ನೋಟು ಚಾಚಿದ ಡ್ರೈವರು
ಈಗಲೂ ಸಾಬರ ಕಡೆಗೇ.
ಅವರು ಗಲ್ಲದಿಂದ ನನ್ನನ್ನು ತೋರಿಸಿದರು.

ಶಭಾಷ್ ಅನ್ನಲಿಲ್ಲ.
ಸ್ಟೂಲಿನಿಂದ ಎದ್ದು
ಬೀಡಿ ಹಚ್ಚಲು, ಎಂದಿನಂತೆ,
ಎಣಿಸಿ ಹತ್ತು ಹೆಜ್ಜೆ ಆಚೆ ಹೋದರು.