ಹುಂಜದ ಜುಟ್ಟು

ಮೊದಲು ತೆಗೀಬೇಕು, ಆಮೇಲೆ ಹಾಕಬೇಕು, ಅಂದಳು ಎಮೋಕೆ.
ಡಾಕ್ಟರು; ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
ಎಡಮಂಡಿಗೆ ಕಂದು ಔಷಧ ಬಳಿದು
ಅಲ್ಟ್ರಾಸೌಂಡಿನ ತಣ್ಣನೆ ಲೋಳೆ ಸವರಿ
ಪರದೆಯಲ್ಲಿ ನನ್ನ ಕೀಲು ತೋರಿಸಿದಳು:
ಕಪ್ಪು ನೀರಿನ ಒಂದು ಹೊಂಡ,
ದಡದಲ್ಲಿ ನಾಯಿ ಕಡಿದು ಬಿಟ್ಟಂಥ ಮೂಳೆ.
"ಇಲ್ಲಿ ಮೃದ್ವಸ್ಥಿ ಇರಬೇಕಿತ್ತು."
ಇರಬೇಕಿತ್ತು.
ಇಪ್ಪತ್ತೆರಡು ವರ್ಷ ಹ್ಯಾಂಡ್‌ಬಾಲ್ ಗೋಲಿನ ಬಾಯಲ್ಲಿ
ಕಾಲಗಲಿಸಿ ನಿಂತವಳ ಮಂಡಿಯೊಳಗೆ
ಏನೇನೋ ಇರಬೇಕಿತ್ತು.

ಸೂಜಿ ಹೊಕ್ಕಿತು. ಸಿರಿಂಜಿಗೆ ಏರಿ ಬಂದದ್ದು ತೆಳುಹಳದಿ,
ಸಾರಿನ ಮೇಲೆ ತೇಲುವ ಜಿಡ್ಡಿನ ಬಣ್ಣ.
ಕೈಗವಸಿನ ಬೆರಳಿಗೊಂದು ಹನಿ ಹಾಕಿ
ಹೆಬ್ಬೆರಳಿಂದ ಎಳೆದು ನೋಡಿದಳು.
ಆರೋಗ್ಯವಾಗಿದ್ದರೆ ಪಾಕದ ಹಾಗೆ ಎಳೆ ಬರುತ್ತದಂತೆ.
ನನ್ನದು ಬರಲಿಲ್ಲ. ಬರೀ ನೀರು.

"ಹಿಂದೆ ಎಷ್ಟು ಸಲ ಹಾಕಿಸ್ಕೊಂಡಿದ್ದೀರಿ, ಸ್ಟೀರಾಯ್ಡು?"

ಲೆಕ್ಕ ಇಟ್ಟವರು ಯಾರು?
ತೊಂಬತ್ತೇಳರ ಚಳಿಗಾಲ. ಫೈನಲ್ಲಿನ ಮಧ್ಯಂತರ.
ತಂಡದ ಡಾಕ್ಟರು ವೆಂಡೆಲ್, ಕಿವಿಯ ಹಿಂದೆ ಸಿಗರೇಟು,
ಬೆಂಚಿನ ಮೇಲೆ ನನ್ನ ಕಾಲು ಚಾಚಿಸಿ
ಹವಾಮಾನದ ಮಾತಾಡುತ್ತಲೇ ಚುಚ್ಚಿದರು.
ಕಾಗದವಿಲ್ಲ, ಸಹಿಯಿಲ್ಲ.
ಹತ್ತು ನಿಮಿಷಕ್ಕೆ ಮಂಡಿ ಬಾಯಿ ಮುಚ್ಚಿತು.
ಬೇರೆ ಯಾರದೋ ಕಾಲನ್ನು ಸಾಲ ತಂದ ಹಾಗೆ
ಒದ್ದೆ, ಹಾರಿದೆ, ಏಳು ಚೆಂಡು ತಡೆದೆ.
ಎರಡನೆಯ ಪೆನಾಲ್ಟಿಗೆ ಕಾಲೊಳಗೆ ಏನೋ ಚಟ್ಟೆಂದದ್ದು ಕೇಳಿಸಿತು,
ಪಕ್ಕದ ಕೋಣೆಯಲ್ಲಿ ಯಾರೋ ಕಡ್ಡಿ ಮುರಿದಂತೆ.
ನನಗೇನು? ಕಪ್ಪು ನಮ್ಮದಾಯಿತು.
ಅದು ಈಗ ಕ್ಲಬ್ಬಿನ ಗಾಜಿನ ಬೀರುವಿನಲ್ಲಿದೆ.
ಬೀಗದ ಕೈ ಕಳೆದಿದೆ, ಒರೆಸುವುದಕ್ಕಾಗುವುದಿಲ್ಲ ಅಂತಾರೆ.

"ನೆನಪಿಲ್ಲ," ಅಂದೆ.
ಎಮೋಕೆ ಬರೆದುಕೊಂಡಳು: ನೆನಪಿಲ್ಲ.

ಆಮೇಲೆ ದಾರಿಗಳನ್ನು ಹೇಳಿದಳು, ಮುಲಾಜಿಲ್ಲದೆ.
ಸ್ಟೀರಾಯ್ಡು ಬೇಗ ಹಿಡಿಯುತ್ತೆ, ಬೇಗ ಬಿಡುತ್ತೆ;
ಮತ್ತೆ ಮತ್ತೆ ಕೊಡೋಕೆ ನನಗಿಷ್ಟವಿಲ್ಲ.
ನಿಮ್ಮದೇ ರಕ್ತ ತೆಗೆದು, ಗಿರಗಿರ ತಿರುಗಿಸಿ,
ಮೇಲಿನ ಕೆನೆ ಮರಳಿ ಹಾಕೋದುಂಟು, ದುಬಾರಿ.
ಇಲ್ಲ, ಈ ಜೆಲ್.
ಕೆಲವರಿಗೆ ಆರು ತಿಂಗಳು ಹಾಯೆನಿಸುತ್ತೆ,
ಕೆಲವರಿಗೆ ಏನೂ ಇಲ್ಲ.
ಸವೆದದ್ದು ಬರಲ್ಲ, ಅದನ್ನ ಯಾರೂ ತಂದುಕೊಡಲ್ಲ.

"ಇದನ್ನ ಮೊದಲೆಲ್ಲ ಹುಂಜದ ಜುಟ್ಟಿನಿಂದ ತೆಗೀತಿದ್ರು, ಗೊತ್ತಾ?
ಈಗ ದೊಡ್ಡ ತೊಟ್ಟಿಯಲ್ಲಿ ಸೂಕ್ಷ್ಮಾಣು ಬೆಳೆಸಿ ತೆಗೀತಾರೆ."

ನಕ್ಕುಬಿಟ್ಟೆ. ಸೂಜಿ ಅಲುಗಿ ಅವಳು ಗದರಿದಳು.
ತೀಸಾ ನದಿಯಾಚೆ ಅಜ್ಜಿಯ ಅಂಗಳ,
ಪಾಪ್ರಿಕಾ ಹಾಕಿ ಕೆಂಪಗೆ ಕುದಿಸಿದ ಹುಂಜದ ಪಲ್ಯ;
ಕಾಲು ಅಣ್ಣಂದಿರಿಗೆ, ಎದೆ ಪಾದ್ರಿಗೆ,
ಜುಟ್ಟು ನನಗೆ.
ತಿನ್ನು ಪಿರೋಷ್ಕಾ, ಹಲ್ಲಿಗೆ ಸಿಗದಿದ್ದರೆ ನುಂಗು.
ನಾನು ಮೇಜಿನ ಕೆಳಗೆ ಬೆಕ್ಕಿಗೆ ಹಾಕುತ್ತಿದ್ದೆ.
ಆ ಬೆಕ್ಕು ಹದಿನೆಂಟು ವರ್ಷ ಗೋಡೆಯಿಂದ ಗೋಡೆಗೆ ಹಾರಿತು.

ಎರಡು ದಿನ ಮೆಟ್ಟಿಲು ಹತ್ತಬೇಡಿ ಅಂದಿದ್ದಾಳೆ.
ನನ್ನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ.
ಟ್ರಾಮ್ ಇಳಿದು ಬಂದು ಕೆಳಗಿನ ಮೆಟ್ಟಿಲಲ್ಲೇ ಕೂತೆ,
ಔಷಧದಂಗಡಿಯ ಚೀಲ ತೊಡೆಯ ಮೇಲೆ.
ಮೇಲಕ್ಕೆ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿಯೇ ಇವೆ.

ಅಂಗಳದಲ್ಲಿ ಕೆಳಮನೆಯ ಜೊಂಬೋರ್
ಗೋಡೆಗೆ ಚೆಂಡು ಎಸೆಯುತ್ತಿದ್ದ. ಒಂದು ಗುರಿ ತಪ್ಪಿ
ನೇರ ನನ್ನ ಕಡೆಗೆ, ಎಡಗಡೆ, ತಗ್ಗಿನಲ್ಲಿ.

ಕಾಲು ನನ್ನನ್ನು ಕೇಳಲಿಲ್ಲ. ಹೋಯಿತು. ತಡೆಯಿತು.
ಹುಡುಗ ಬಾಯಿ ಬಿಟ್ಟು ನಿಂತ.

ಕಾದೆ.
ಮಂಡಿ ಏನೂ ಹೇಳಲಿಲ್ಲ.
ಅರಿವಳಿಕೆ ಇನ್ನೂ ಇಳಿದಿಲ್ಲವೋ, ಜೆಲ್ ಕೂತಿದೆಯೋ,
ಅಥವಾ ಆ ರಾತ್ರಿಯ ಹಾಗೆ
ಪಕ್ಕದ ಕೋಣೆಯಲ್ಲಿ ಮತ್ತೊಂದು ಕಡ್ಡಿ ಮುರಿಯಿತೋ.

"ಇನ್ನೊಂದು ಎಸೀಲಾ?" ಅಂದ ಹುಡುಗ.

ಚೀಲವನ್ನು ಪಕ್ಕಕ್ಕಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು,
ಬಾಗಿಲ ಮೇಲೆ ಕಿವಿಯಿಟ್ಟವಳಂತೆ
ಬಹಳ ಹೊತ್ತು ಕೂತೆ.