ಜೂನ್ ಒಂದು

ತೂಬಿನಕೆರೆಯ ನಮ್ಮ ಫ್ಯಾಕ್ಟರಿಯಲ್ಲಿ
ನೀರಿನ ಫಿಲ್ಟರ್ ಪಕ್ಕದ ಗೋಡೆಗೆ
ಪರದೆಯೊಂದನ್ನು ಹಾಕಿದ್ದಾರೆ.
ಕೊರಳ ಟ್ಯಾಗು ಹತ್ತಿರ ಬಂದರೆ ಸಾಕು, ಗುರುತು ಹಿಡಿಯುತ್ತದೆ.
ನಿಂಗರಾಜು, ನಿಮ್ಮ ರಜೆ ಉಳಿದಿರುವುದು ಎರಡೂವರೆ.
ಸಾಕಮ್ಮ, ಕೊತ್ತತ್ತಿ ಬಸ್ಸು ಹತ್ತು ನಿಮಿಷ ತಡ.
ಯಾರೂ ಇಲ್ಲದಾಗ ಒಂದು ನೀಲಿ ಕೆರೆ,
ಅದರೊಳಗೆ ಯಾವ ದೇಶದ್ದೋ ಒಂದು ಬಾತುಕೋಳಿ.

ಅದಕ್ಕೆ ಉಣಿಸುವವನು ನಾನು,
ಸ್ಟೋರ್ಸ್ ಗುಮಾಸ್ತ.
ನಟ್ಟು ಬೋಲ್ಟಿನ ಲೆಕ್ಕದ ಜೊತೆಗೆ
ಇನ್ನೂರ ಹನ್ನೆರಡು ಜನರ ಲೆಕ್ಕ:
ಹೆಸರು, ಊರು, ರಕ್ತದ ಗುಂಪು, ಹುಟ್ಟಿದ ದಿನ,
ಕೊನೆಗೆ 'ವಿಶೇಷ ಸಂದೇಶ' ಅಂತ ಒಂದು ಖಾಲಿ ಸಾಲು,
ಅರವತ್ತು ಅಕ್ಷರ ಮೀರುವಂತಿಲ್ಲ.

ಜೂನ್ ಒಂದರ ಬೆಳಗ್ಗೆ ಪರದೆಗೆ ಹುಚ್ಚು ಹಿಡಿಯಿತು.
ಹುಟ್ಟುಹಬ್ಬದ ಶುಭಾಶಯಗಳು ಸಾಕಮ್ಮ.
ಹುಟ್ಟುಹಬ್ಬದ ಶುಭಾಶಯಗಳು ಜವರಪ್ಪ.
ನಿಂಗರಾಜು. ದೇವೀರಮ್ಮ. ಶಫಿವುಲ್ಲಾ.
ಎಂಬತ್ತೇಳು ಮಂದಿ!
ಬಲೂನು ಏರಿ ಏರಿ ಬಾತುಕೋಳಿ ಮುಚ್ಚಿಹೋಯಿತು.
'ಸಾಫ್ಟ್‌ವೇರ್ ಕೆಟ್ಟಿದೆಯಾ?' ಮೇಲಿನ ಆಫೀಸಿನಿಂದ ಫೋನು.
ಪುಣೆಯ ಹುಡುಗ, ಅವನಿಗೇನು ಗೊತ್ತು,
ನಮ್ಮನ್ನೆಲ್ಲ ಮೇಷ್ಟ್ರು ಹೆತ್ತ ದಿನ ಅದು ಅಂತ.
ಬಲಗೈ ತಲೆ ಬಳಸಿ ಎಡಗಿವಿ ಮುಟ್ಟಿದರೆ
ಕೂಸಿಗೆ ಆರು ತುಂಬಿದ ಹಾಗೆ.
ತಾರೀಖು ಕೇಳಿದರೆ ಅಪ್ಪ ಹೆಂಚು ನೋಡುತ್ತಿದ್ದ,
ಮೇಷ್ಟ್ರು ಪೆನ್ನು ಕೊಡವಿ ಬರೆಯುತ್ತಿದ್ದರು: ೧-೬.

ತರಿಸಿದ್ದ ಕೇಕು ಒಂದೇ ಕೆಜಿ.
ಉಗುರಿನಷ್ಟುದ್ದ ತಿಂದು, ಕ್ಯಾಂಟೀನಿನಲ್ಲಿ
ಬಸ್ಸಾರಿಗೆ ಮುದ್ದೆ ಮುರಿಯುತ್ತ
ಒಬ್ಬೊಬ್ಬರೇ ಬಾಯಿ ಬಿಟ್ಟರು.
'ನಾಲೆ ನಿಲ್ಸಿದ ಮಾರ್ನೇ ದಿನ ನಾನು' ಎಂದ ಜವರಪ್ಪ.
'ಆಲೆಮನೇಲಿ ಮೊದಲ್ನೇ ಕೊಪ್ಪರಿಗೆ ಇಳಿಸ್ದಾಗ,
ಅದ್ಕೇಯ ನನ್ ನಾಲ್ಗೆ ಸಿಹಿ' ಎಂದ ನಿಂಗರಾಜು.
ಯಾರೂ ಒಪ್ಪಲಿಲ್ಲ.
ಶಫಿವುಲ್ಲಾ: 'ಚಾಂದ್ ಕಂಡ ರಾತ್ರಿ ಅಂತಾರೆ ಅಮ್ಮಿ.
ಆ ಚಾಂದು ವರ್ಷ ವರ್ಷ ಜಾಗ ಬದಲಾಯಿಸುತ್ತಲ್ಲ ಸಾರ್,
ಏನಂತ ಬರ್ಕೋತೀರಾ?'
ನಾಗಮಂಗಲದ ಕಡೆಯ ದೇವೀರಮ್ಮ
ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:
'ಹುಚ್ಚೆಳ್ಳು ಹೂ ಬುಟ್ಟಿತ್ತಂತೆ ಕನಣ್ಣ.
ಹೊಲ್ದಲ್ಲೇ ನೋವು ಬಂತಂತೆ ನಮ್ಮವ್ವುಂಗೆ.'

ದಿನಾಂಕದ ಚೌಕ ಅಂಕಿ ಬಿಟ್ಟು ಬೇರೇನನ್ನೂ ನುಂಗದು.
ಖಾಲಿ ಸಾಲಿಗೆ ಆ ಮಡಿ ಇಲ್ಲ.

ಸ್ವಾತಿ ಮಳೆ ಹೋದ ವಾರ, ಬಸರಾಳಿನ ಆಚೆ,
ಬಸ್ಸಿನ ಕಿಟಕಿಯಲ್ಲಿ ಹಳದಿ ಕಂಡಿತು.
ಮಾರನೇ ದಿನ ಹತ್ತೂಕಾಲಿಗೆ
ಬಾಟಲಿ ತುಂಬಿಸಲು ಬಂದಳು ದೇವೀರಮ್ಮ.
ಪರದೆಯ ಕೆರೆ ಸರಿದು ಅಕ್ಷರ ಮೂಡಿತು:
ದೇವೀರಮ್ಮ, ಹುಚ್ಚೆಳ್ಳು ಹೂ ಬಿಟ್ಟಿದೆ.

ಇರುವುದು ಏಳು ಸೆಕೆಂಡು.
ಅವಳೋ ಅಕ್ಷರ ಕೂಡಿಸಿ ಓದುವವಳು,
ಹು, ಚ್ಚೆ ಅನ್ನುವಷ್ಟರಲ್ಲಿ ಬಾತುಕೋಳಿ ವಾಪಸ್ಸು.
ಮೂರು ಹೆಜ್ಜೆ ಹಿಂದೆ ಹೋದಳು, ಮತ್ತೆ ಬಂದಳು.
ಮತ್ತೆ ಹಿಂದೆ, ಮತ್ತೆ ಮುಂದೆ.
ಬಾಟಲಿ ತುಂಬಿ ಚೆಲ್ಲುತ್ತಿತ್ತು,
ಸರದಿಯಲ್ಲಿದ್ದ ಯಾರೂ ನಲ್ಲಿ ನಿಲ್ಲಿಸಲಿಲ್ಲ.
'ಇದ್ಕ್ಯಾರ್ ಹೇಳುದ್ರು?'
ಕೇಳಿದ್ದು ಗೋಡೆಯನ್ನು, ನನ್ನನ್ನಲ್ಲ.

ನನ್ನದೂ ಜೂನ್ ಒಂದೇ.
ಕೇಳೋಣವೆಂದರೆ ಅವ್ವ ಇಲ್ಲ.
ಪಾಂಡವಪುರದ ಸೋದರತ್ತೆಗೆ ಫೋನು ಹಚ್ಚಿದೆ.
ಆಕಳಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:
'ಅವತ್ತು ಕರೆಂಟಿರ್ಲಿಲ್ಲ ಕಲಾ.
ಸೂಲಗಿತ್ತಿ ಬುಡ್ಡಿ ಹಿಡ್ಕೊ ಅಂದ್ಲು,
ನನ್ ಕೈ ಸುಟ್ಕತ್ತು.
ಅಷ್ಟೇಯ ಗೊತ್ತಿರಾದು.'

ಅಷ್ಟನ್ನೇ ತುಂಬಿದ್ದೇನೆ.
ಕರೆಂಟು ಹೋಗಿ, ಜನರೇಟರ್ ಗುಡುಗಿ,
ಪರದೆ ಕಣ್ಣು ಬಿಟ್ಟಾಗಲೆಲ್ಲ
ಬಾಯಾರಿಕೆ ಇಲ್ಲದಿದ್ದರೂ ಲೋಟ ಹಿಡಿದು ಹೋಗಿ ನಿಲ್ಲುತ್ತೇನೆ.
ಮೊದಲು ಕೆರೆ, ಬಾತುಕೋಳಿ, ಆಮೇಲೆ ನನ್ನ ಹೆಸರು,
ಅವತ್ತು ಕರೆಂಟಿರಲಿಲ್ಲ, ಬುಡ್ಡಿ ಇತ್ತು.
ಅತ್ತೆಯ ಕೈ ಸುಟ್ಟಿದ್ದು
ಅರವತ್ತರೊಳಗೆ ಹಿಡಿಸಲಿಲ್ಲ.